ಆಟಿ ತಿಂಗಳ ಒಲಿಂಪಿಕ್ ಪಾಯಸ

ಒಂದು ದೇಶದ ಹಿರಿಮೆಯನ್ನು ಅದು ಗೆದ್ದ ಯುದ್ಧಗಳಿಂದ, ಕಟ್ಟಿದ ಅಣೆಕಟ್ಟುಗಳಿಂದ, ಪರದೇಶದ ಕ್ರೀಡಾಂಗಣಗಳಲ್ಲಿ ಹಾರಿಸಿದ ಬಾವುಟದಿಂದ ಅಳೆಯಬೇಕೆಂದು ಬಲ್ಲವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದನ್ನು ಕೆಸುವಿನ ಎಲೆಯಿಂದ ಅಳೆಯುತ್ತಿದ್ದೆವು. ಪ್ರತಿ ವರ್ಷ ಆಟಿ ತಿಂಗಳಲ್ಲಿ, ಅಂದರೆ ಮುಂಬಯಿಯ ಲೋಕಲ್ ಗಾಡಿಗಳು ಹಳಿಯನ್ನು ಬಿಟ್ಟು ನೀರಿನ ಮೇಲೆಯೇ ಹೋದರೆ ಹೇಗೆ ಎಂದು ಯೋಚಿಸುವ ಮಳೆಯ ದಿನಗಳಲ್ಲಿ, ಒಂದು ಭಾನುವಾರ ನಮ್ಮಲ್ಲಿ ಪತ್ರೊಡೆ ಆಗುತ್ತಿತ್ತು. ಕೆಸುವಿನ ಎಲೆಗೆ ಅಕ್ಕಿ ಮಸಾಲೆಯ ಹಿಟ್ಟು ಬಳಿದು, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸುವ ಈ ತಿಂಡಿ ಉಡುಪಿ ಕಡೆಯ ಎಲ್ಲ ಮನೆಗಳಲ್ಲೂ ಮಳೆಗಾಲದಲ್ಲಿ ಆಗುತ್ತದೆ. ಆದರೆ ಒಲಿಂಪಿಕ್ಸ್‌ನಲ್ಲಿ ಭಾರತದ ವಾಟರ್ ಪೋಲೋ ತಂಡ ಒಂದು ಪಂದ್ಯ ಗೆದ್ದದ್ದರ ಗೌರವಾರ್ಥವಾಗಿ ಪತ್ರೊಡೆ ತಿನ್ನುವ ಮನೆ, ನಾನು ವಿಚಾರಿಸಿದ ಮಟ್ಟಿಗೆ, ಆಂಟಾಪ್ ಹಿಲ್‌ನ ನಮ್ಮ ಎರಡು ಕೋಣೆಯ ಮನೆ ಮಾತ್ರ.

ಮನೆಯೆಂದರೆ ಸರಕಾರಿ ಕ್ವಾರ್ಟರ್ಸ್, ಮೂರನೆಯ ಮಾಳಿಗೆ. ಅಪ್ಪ ಕೇಂದ್ರ ಸರಕಾರದ ಗುಮಾಸ್ತರು. ಅವರು ಮನೆಯಲ್ಲಿದ್ದಾಗ ಪತ್ರಿಕೆಯ ಹಿಂದೆ ಇರುತ್ತಿದ್ದರು, ಮನೆಯಲ್ಲಿ ಇಲ್ಲದಾಗ ಕಚೇರಿಯಲ್ಲಿ ಇರುತ್ತಿದ್ದರು. ಎರಡಕ್ಕೂ ನಮಗೆ ಹೆಚ್ಚಿನ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಮನೆಯನ್ನು ಆಳುತ್ತಿದ್ದವರು ಅಜ್ಜಿ, ಅಪ್ಪನ ಅಮ್ಮ. ನಡೆಸುತ್ತಿದ್ದವಳು ಅಮ್ಮ. ಅದಕ್ಕೆ ಒಂದು ಇತಿಹಾಸವನ್ನು ಒದಗಿಸಿದವರು ದೊಡ್ಡಪ್ಪ, ಅಪ್ಪನ ಅಣ್ಣ ವಾಸು. ಮದುವೆಯಾಗದ ಅವರು ಮುಂದಿನ ಕೋಣೆಯ ಕಿಟಕಿಯ ಕೆಳಗೆ ಮಲಗುತ್ತಿದ್ದರು, ಬೈಕುಲ್ಲಾದ ಒಂದು ಉಡುಪಿ ಹೋಟೆಲಿನ ಅಡಿಗೆಮನೆಗೆ ಮುಖ್ಯಸ್ಥರಾಗಿದ್ದರು. ಅಡಿಗೆಮನೆಯ ಬಾಗಿಲ ಪಕ್ಕದಲ್ಲಿ ಮನೆಯ ಐದನೆಯ ಸದಸ್ಯನ ಹಾಗೆ ಒಂದು ರುಬ್ಬುವ ಕಲ್ಲು ಕೂತಿತ್ತು. ಅಜ್ಜಿ ಊರಿನಿಂದ ಮುಂಬಯಿಗೆ ಬರುವುದಕ್ಕೆ ಹಾಕಿದ ಏಕೈಕ ಷರತ್ತು ಅದು. ಕಲ್ಲು ಲಾರಿಯಲ್ಲಿ ಬಂತು, ಅಜ್ಜಿ ಬಸ್ಸಿನಲ್ಲಿ ಬಂದರು. ಕಲ್ಲು ಬಂದು ತಲುಪಿತೆಂಬ ಸುದ್ದಿ ಕೇಳಿದ ಮೇಲೆಯೇ ಅವರು ಬಸ್ ಹತ್ತಿದ್ದು. ಆರನೆಯವಳಾದ ನನ್ನನ್ನು ಆ ಕಲ್ಲಿನ ಮುಂದೆ ಕೂರಿಸಿ ಅಜ್ಜಿ ಬೆಳಿಗ್ಗೆ ಅದರ ಗುಂಡನ್ನು ತಿರುಗಿಸುತ್ತಿದ್ದರೆ, ಅಕ್ಕಿ ತಳ್ಳಿಕೊಡುವುದು ನನ್ನ ಉದ್ಯೋಗ. ಕಲ್ಲಿನ ಗುಡುಗುಡು ನೇರ ಕೆಳಮನೆಯ ಛಾವಣಿಗೆ ಇಳಿಯುತ್ತಿತ್ತು. ಕೆಳಮನೆಯಲ್ಲಿ ಇದ್ದವರು ಸಾವಂತ್ ಕಾಕಾ, ಬಂದರಿನ ಕಚೇರಿಯ ನೌಕರರು, ಕ್ರಿಕೆಟ್ಟಿನ ಪರಮಭಕ್ತರು. ಮೆಟ್ಟಿಲಲ್ಲಿ ದೊಡ್ಡಪ್ಪ ಸಿಕ್ಕಿದಾಗಲೆಲ್ಲ ಅವರು ನಿಂತು ದೂರು ಸಲ್ಲಿಸುತ್ತಿದ್ದರು.

“ವಾಸುಭಾವ್, ಊಪರ್ ತುಮ್ಹಾರಾ ಪತ್ಥರ್ ಘೂಮ್ತಾ ಹೈ, ನೀಚೇ ಮೇರಾ ಸರ್ ಘೂಮ್ತಾ ಹೈ.”

ದೊಡ್ಡಪ್ಪ ತಲೆಯಾಡಿಸುತ್ತಿದ್ದರು. ಮಾರನೆಯ ದಿನ ಕಲ್ಲೂ ತಿರುಗುತ್ತಿತ್ತು, ಸಾವಂತ್ ಕಾಕಾರ ತಲೆಯೂ ತಿರುಗುತ್ತಿತ್ತು. ಭಾನುವಾರ ಮಾತ್ರ ನಮ್ಮಲ್ಲಿಂದ ಒಂದು ಡಬ್ಬಿ ಇಡ್ಲಿ ಕೆಳಗಿಳಿಯುತ್ತಿತ್ತು, ಅಲ್ಲಿಂದ ಡಬ್ಬಿ ತೊಳೆದು ಮೇಲೆ ಬರುತ್ತಿತ್ತು. ಎರಡು ಮನೆಗಳ ಸಂಬಂಧ ಹೀಗೆ ಹಗೆತನ ಮತ್ತು ಸಾಂಬಾರಿನ ಮೇಲೆ ಭದ್ರವಾಗಿ ನಿಂತಿತ್ತು.

ಇನ್ನು ನಮ್ಮ ಇತಿಹಾಸ. ದೊಡ್ಡಪ್ಪ ಮೀಸೆ ಮೂಡುವ ವಯಸ್ಸಿಗೆ ಬೈಕುಲ್ಲಾಕ್ಕೆ ಬಂದು, ಅದೇ ಹೋಟೆಲಿನಲ್ಲಿ ಅರೆಯುವ ಕೆಲಸಕ್ಕೆ ಸೇರಿದವರು. ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಗೆಯುದ್ದಕ್ಕೂ ಪ್ರತಿ ಬೆಳಿಗ್ಗೆ, ಹೋಟೆಲಿನ ಬಾಗಿಲು ತೆರೆಯುವ ಹೊತ್ತಿಗೆ, ಕೆಲವು ಯುವಕರು ಒದ್ದೆ ತಲೆಯಲ್ಲಿ ಬಂದು ಕೂರುತ್ತಿದ್ದರಂತೆ. ನಮ್ಮ ಕಡೆಯ ಲೆಕ್ಕದಲ್ಲಿ ಅಷ್ಟು ಬೆಳಿಗ್ಗೆ ಒದ್ದೆ ತಲೆಯಲ್ಲಿ ಬರುವವರು ಪುರೋಹಿತರು. ಆದರೆ ಇವರ ಭುಜಗಳು ಪುರೋಹಿತರ ಭುಜಗಳಂತಿರಲಿಲ್ಲ. ಹಸಿವು ಮಾತ್ರ ಹಾಗೆಯೇ ಇತ್ತು. ಯಾರಿವರು ಎಂದು ದೊಡ್ಡಪ್ಪ ಕೇಳಿದ್ದಕ್ಕೆ ಸಪ್ಲೈಯರ್ ಒಬ್ಬ, ಇವರು ನೀರಿನಲ್ಲಿ ಚೆಂಡಾಡುವವರು, ಇಂಡಿಯಾದಿಂದ ಲಂಡನ್ನಿಗೆ ಆಡಲಿಕ್ಕೆ ಹೋಗುವವರು ಇವರೇ ಎಂದ. ಸಪ್ಲೈಯರ್ ಹೇಳಿದ್ದನ್ನು ಅಡಿಗೆಮನೆ ನಂಬದಿದ್ದರೆ ಹೋಟೆಲು ನಡೆಯುವುದಿಲ್ಲ. ದೊಡ್ಡಪ್ಪ ನಂಬಿದರು. ಅಂದಿನಿಂದ ಆ ಮೇಜಿಗೆ ಹೋಗುವ ಇಡ್ಲಿಯ ಹಿಟ್ಟನ್ನು ಬೇರೆಯಾಗಿ, ಇನ್ನೂ ನಯವಾಗಿ ಅರೆದರು. ಸಾಂಬಾರನ್ನು ಕೇಳದೆಯೇ ಎರಡನೆಯ ಸಲ ಹೊಯ್ದರು. ಮಳೆ ಹಿಡಿಯುವ ಹೊತ್ತಿಗೆ ಒದ್ದೆ ತಲೆಗಳು ಬರುವುದು ನಿಂತಿತು. ಆಮೇಲೆ ಒಂದು ದಿನ ಹೋಟೆಲಿನ ರೇಡಿಯೋದಲ್ಲಿ, ಬೇರೆ ಯಾವುದೋ ದೊಡ್ಡ ಸುದ್ದಿಯ ಬಾಲದಲ್ಲಿ, ಭಾರತದ ವಾಟರ್ ಪೋಲೋ ತಂಡ ಲಂಡನ್ನಿನಲ್ಲಿ ಚಿಲಿ ಎಂಬ ದೇಶವನ್ನು ಸೋಲಿಸಿತೆಂದು ಬಂತು. ದೊಡ್ಡಪ್ಪ ಆಗ ಅರೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲವಂತೆ, ಆದರೆ ಆವತ್ತಿನ ಹಿಟ್ಟು ಅಷ್ಟು ಚೆನ್ನಾಗಿ ಹಿಂದೆಂದೂ ಬಂದಿರಲಿಲ್ಲವಂತೆ.

ಚಿಲಿ ಎಲ್ಲಿದೆ ಎಂದು ನನಗೆ ತೋರಿಸಿದವರೂ ಅವರೇ. ಭೂಪಟದ ಪುಸ್ತಕದಲ್ಲಿ ಅದು ಕಡಲ ಅಂಚಿಗೆ ಪಡುವಲಕಾಯಿಯ ಹಾಗೆ ಉದ್ದಕ್ಕೆ ಜೋತುಬಿದ್ದಿದೆ. “ಇಷ್ಟುದ್ದ ಸಮುದ್ರ ಇಟ್ಟುಕೊಂಡವರನ್ನು ನೀರಲ್ಲಿ ಸೋಲಿಸುದು ಅಂದ್ರೆ ಸಣ್ಣ ಸಂಗತಿಯಾ ಸುಮಾ?” ಎಂದು ಕೇಳುತ್ತಿದ್ದರು. ಅಲ್ಲ ಎಂದು ನಾನು ಒಪ್ಪುತ್ತಿದ್ದೆ. ತಂಡ ಉಳಿದ ಪಂದ್ಯಗಳನ್ನು ಸೋತಿತೆಂಬುದನ್ನು ಅವರು ಮುಚ್ಚಿಡುತ್ತಿರಲಿಲ್ಲ. ಅದಕ್ಕೂ ಅವರಲ್ಲಿ ಪಾಕಶಾಸ್ತ್ರದ ವಿವರಣೆಯಿತ್ತು. ಬೈಕುಲ್ಲಾದ ಇಡ್ಲಿಯ ಬಲ ಒಂದು ಪಂದ್ಯಕ್ಕೆ ಬಂತು, ಆಮೇಲೆ ಇಂಗ್ಲಿಷರ ಬೇಯಿಸಿದ ಬಟಾಟೆ ತಿಂದು ಏನಾಗಬೇಕೋ ಅದಾಯಿತು. ಮುಂದಿನ ಸಲವೂ ತಂಡ ಒಲಿಂಪಿಕ್ಸ್‌ಗೆ ಹೋಯಿತು, ಒಂದೂ ಗೆಲ್ಲದೆ ಬಂತು. ಆ ಬೇಸಗೆ ಒದ್ದೆ ತಲೆಯ ಯಾರೂ ಹೋಟೆಲಿಗೆ ಬಂದಿರಲಿಲ್ಲ. ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಾದವರು ಬೇರೆ ಮನೆಯಲ್ಲಿ ಹುಟ್ಟಬೇಕಿತ್ತು.

ತೊಂದರೆಯೆಂದರೆ ಆ ಗೆಲುವು ಆಟಿಯಲ್ಲಿ ಬಂದಿತ್ತು. ತುಳುವರ ಲೆಕ್ಕದ ಈ ತಿಂಗಳಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಗೃಹಪ್ರವೇಶವಿಲ್ಲ. ಶುಭವೆಂಬುದೇ ರಜೆಯ ಮೇಲೆ ಹೋಗಿರುತ್ತದೆ. ಅಮಾವಾಸ್ಯೆಯ ಬೆಳಿಗ್ಗೆ ಹಾಲೆಮರದ ತೊಗಟೆಯ ಕಹಿ ಕಷಾಯ ಕುಡಿಯುವುದು, ಸೊಪ್ಪುಸದೆ ತಿನ್ನುವುದು, ತಿಂಗಳು ಕಳೆಯುವುದನ್ನು ಕಾಯುವುದು. ಸಿಹಿ ಮಾಡಿ ಹಬ್ಬ ಆಚರಿಸುವುದಕ್ಕೆ ಅಜ್ಜಿಯ ಸಂವಿಧಾನದಲ್ಲಿ ಅವಕಾಶವಿರಲಿಲ್ಲ. ಹಾಗಾಗಿ ರಾಷ್ಟ್ರದ ಗೆಲುವನ್ನು ನಾವು ಪತ್ರೊಡೆಗೆ ಇಳಿಸಿ, ಅರ್ಧ ಸೂತಕದವರ ಹಾಗೆ ಮೌನವಾಗಿ ತಿನ್ನುತ್ತಿದ್ದೆವು. ಪ್ರತಿ ವರ್ಷ ಪತ್ರೊಡೆಯ ಹಿಂದಿನ ದಿನ ದೊಡ್ಡಪ್ಪ ಮೇಲ್ಮನವಿ ಸಲ್ಲಿಸುತ್ತಿದ್ದರು.

“ಅಮ್ಮ, ದೇಶ ಗೆದ್ದದ್ದಕ್ಕೆ ಒಂದು ಹೆಸರುಬೇಳೆ ಪಾಯಸ ಮಾಡ್ಲಿಕ್ಕೆ ಆಗುದಿಲ್ವಾ?”

“ಆಟಿಯಲ್ಲಿ ಪಾಯಸ ಎಂತದ್ದು? ಗೆಲ್ಲುವವರು ಒಂದು ತಿಂಗಳು ತಡೆದು ಸೋಣದಲ್ಲಿ ಗೆಲ್ಲಬೇಕಿತ್ತು.”

“ಆಟದ ದಿವಸ ಇಟ್ಟದ್ದು ಲಂಡನ್ನಿನವರು ಅಮ್ಮ.”

“ಅವರಿಗೆ ಪಂಚಾಂಗ ಗೊತ್ತಿಲ್ಲ. ನಿನಗೆ ಗೊತ್ತುಂಟಲ್ಲ?”

ಒಂದು ವರ್ಷ ಈ ವಾದ ಎಂದಿಗಿಂತ ಬಿಸಿಯಾಯಿತು. ದೊಡ್ಡಪ್ಪ, ಆ ಹುಡುಗರು ತನ್ನ ಕೈಯ ಹಿಟ್ಟು ತಿಂದು ಗೆದ್ದವರು, ಮನೆಯ ಮಕ್ಕಳ ಹಾಗೆ, ಮನೆಯ ಮಕ್ಕಳಿಗೆ ಪಾಯಸ ಕೊಡಲಿಕ್ಕೆ ತಿಂಗಳು ನೋಡುತ್ತಾರಾ ಎಂದು ಕೇಳಿದರು. ಅಜ್ಜಿ, ತಾನು ಎಂದೂ ಈಡೇರಿಸಬೇಕಾಗಿ ಬರುವುದಿಲ್ಲವೆಂಬ ನೆಮ್ಮದಿಯಿಂದ ಒಂದು ಮಾತು ಕೊಟ್ಟರು.

“ಹಾಗಾದ್ರೆ ಅವರಲ್ಲಿ ಒಬ್ಬ ಈ ಮನೆಗೆ ಬರ್ಲಿ. ಹೌದು, ವಾಸುವಿನ ಇಡ್ಲಿ ತಿಂದೇ ಹೋದದ್ದು ಅಂತ ನನ್ನೆದುರು ಹೇಳ್ಲಿ. ಆಟಿಯಾದ್ರೂ ಸರಿ, ಪಾಯಸ ಮಾಡ್ತೇನೆ.”

ಈ ಷರತ್ತನ್ನು ದೊಡ್ಡಪ್ಪ ಮೆಟ್ಟಿಲಲ್ಲಿ ಸಾವಂತ್ ಕಾಕಾರಿಗೆ ಹೇಳಿಕೊಂಡದ್ದು ಸಹಾನುಭೂತಿಗಾಗಿ. ಸಾವಂತ್ ಕಾಕಾರಿಗೆ ಒಲಿಂಪಿಕ್ಸ್ ಎಂದರೆ ಹಾಕಿ, ಪೋಲೋ ಎಂದರೆ ರಾಜರು ಕುದುರೆ ಮೇಲೆ ಕೂತು ಆಡುವುದು. ವಾಟರ್ ಪೋಲೋದಲ್ಲಿ ಭಾರತ ಒಂದು ಪಂದ್ಯ ಗೆದ್ದಿದೆ ಎಂಬುದನ್ನು ಅವರು ವರ್ಷಗಳಿಂದ ದೊಡ್ಡಪ್ಪನ ಒಂದು ಕಾಯಿಲೆಯೆಂದು ತಿಳಿದು, ನೆರೆಯವರು ನಡೆದುಕೊಳ್ಳಬೇಕಾದ ರೀತಿಯಲ್ಲಿ, ಆ ಕುದುರೆಗಳಿಗೆ ಈಜು ಕಲಿಸಿದವರು ಯಾರು ಎಂದಷ್ಟೇ ವಿಚಾರಿಸುತ್ತಿದ್ದರು. ಆದರೆ ಅದೇ ವಾರ ಅವರ ಕಚೇರಿಯಲ್ಲಿ ಒಂದು ವಿದಾಯದ ಚಹಾಕೂಟವಾಯಿತು. ನಿವೃತ್ತರಾಗಲಿದ್ದ ಹಿರಿಯ ಅಧಿಕಾರಿಯ ಗುಣಗಾನ ಮಾಡುವಾಗ ಯಾರೋ, ಸಾಹೇಬರು ತರುಣರಾಗಿದ್ದಾಗ ದೇಶದ ವಾಟರ್ ಪೋಲೋ ತಂಡದಲ್ಲಿ ಲಂಡನ್ನಿಗೆ ಹೋಗಿ ಬಂದವರು ಎಂದುಬಿಟ್ಟರು. ಸಾವಂತ್ ಕಾಕಾರ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಸಂಜೆ ಅವರು ನೇರ ಮೂರನೆಯ ಮಾಳಿಗೆಗೆ ಬಂದರು, ಏದುಸಿರು ಬಿಡುತ್ತ.

“ವಾಸುಭಾವ್, ಭಾನುವಾರ ನಮ್ಮ ಸಾಹೇಬರನ್ನು ಕರೆತರ್ತೇನೆ. ಅವರ ಬಾಯಿಂದಲೇ ಕೇಳೋಣ. ಬೋಲೋ, ಚಲೇಗಾ?”

ದೊಡ್ಡಪ್ಪ ಕಿಟಕಿಯ ಕಡೆ ನೋಡಿದರು. ಬೇಡ ಎನ್ನುವುದಕ್ಕೆ ಅದೊಂದು ಒಳ್ಳೆಯ ಅವಕಾಶವಾಗಿತ್ತು. ಚಲೇಗಾ ಎಂದರು.

ಆ ವಾರ ನಮ್ಮ ಮನೆ ಒಂದು ರಾಷ್ಟ್ರದ ರಾಜಧಾನಿಯ ಹಾಗೆ ನಡೆದುಕೊಂಡಿತು. ಗೋಡೆಯ ತೇವದ ಕಲೆಯ ಮೇಲೆ ಕ್ಯಾಲೆಂಡರ್ ಬಂತು. ಅಪ್ಪ ಪತ್ರಿಕೆ ಕೆಳಗಿಟ್ಟು ಫ್ಯಾನ್ ಒರೆಸಿದರು. ಇದನ್ನು ನೋಡಲು ಅಮ್ಮ ನನ್ನನ್ನು ಅಡಿಗೆಮನೆಯಿಂದ ಕರೆದಳು. ದೊಡ್ಡಪ್ಪ ಬೈಕುಲ್ಲಾದ ಮಾರ್ಕೆಟ್ಟಿನಿಂದ ಕೆಸುವಿನ ಎಲೆಯ ಹೊರೆ ತಂದರು. ಎಲೆ ಆರಿಸುವುದರಲ್ಲಿ ಜಗಳ, ಹುಳಿ ಎಷ್ಟು ಎಂಬುದರಲ್ಲಿ ಜಗಳ. ಕೆಸುವಿಗೆ ಹುಣಸೆಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಒಲಿಂಪಿಕ್ ಆಟಗಾರನ ಗಂಟಲು ನಮ್ಮ ಮನೆಯಲ್ಲಿ ತುರಿಸಿದರೆ ಇಷ್ಟು ವರ್ಷದ ಮರ್ಯಾದೆ ಏನಾಗಬೇಕು ಎಂದು ದೊಡ್ಡಪ್ಪ ಇನ್ನೊಂದು ಉಂಡೆ ಹುಳಿ ನೆನೆಹಾಕಿದರು. ಅಮ್ಮ ಅದನ್ನು ಅವರ ಬೆನ್ನ ಹಿಂದೆ ತೆಗೆದಿಟ್ಟಳು.

“ಭಾವ, ಅವರು ಪತ್ರೊಡೆ ತಿನ್ಲಿಕ್ಕೆ ಬರುದು. ಹುಳಿ ಕುಡೀಲಿಕ್ಕೆ ಅಲ್ಲ.”

ಅಜ್ಜಿ ಈ ಯಾವುದರಲ್ಲೂ ಬಾಯಿ ಹಾಕಲಿಲ್ಲ. ಕಲ್ಲಿನ ಮುಂದೆ ಕೂತು ಅಕ್ಕಿ, ಮೆಣಸು, ಕೊತ್ತಂಬರಿ ಅರೆದರು. ಹೆಸರುಬೇಳೆಯ ಡಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ. ದೊಡ್ಡಪ್ಪ ಮಾತ್ರ ಆ ಡಬ್ಬಿಯಲ್ಲಿ ಬೇಳೆ ಸಾಕಷ್ಟಿದೆಯೇ ಎಂದು ಮುಚ್ಚಳ ತೆಗೆದು ನೋಡಿದ್ದನ್ನು ನಾನು ಕಂಡೆ. ಬೆಲ್ಲವನ್ನೂ ನೋಡಿದರು.

ಅತಿಥಿಗಳು ಬಂದಾಗ ಮಳೆ ಜೋರಾಗಿತ್ತು. ನಾನು ಕಲ್ಪಿಸಿಕೊಂಡಿದ್ದ ಮಹಾಪುರುಷರ ಬದಲು, ಛತ್ರಿಯನ್ನು ಬಾಗಿಲ ಹೊರಗೆ ಮಡಚಿ ಇಡುತ್ತಾ, ಚಪ್ಪಲಿ ಎಲ್ಲಿಡಲಿ ಎಂದು ಕೇಳುವ, ಕೂದಲು ತೆಳ್ಳಗಾದ ಒಬ್ಬರು ಒಳಗೆ ಬಂದರು. ಭುಜ ಮಾತ್ರ ಅಗಲ. ನಮ್ಮ ಬಾಗಿಲಲ್ಲಿ ಅವರು ಸ್ವಲ್ಪ ಓರೆಯಾಗಿ ಬರಬೇಕಾಯಿತು. ಹಿಂದಿನಿಂದ ಸಾವಂತ್ ಕಾಕಾ, ನ್ಯಾಯಾಲಯಕ್ಕೆ ಸಾಕ್ಷಿಯನ್ನು ಹಾಜರುಪಡಿಸುವ ಪೊಲೀಸನ ಹಾಗೆ. ಸಾಹೇಬರಿಗೆ ಮಂಡಿ ನೋವು, ನೆಲದ ಮೇಲೆ ಕೂರುವಂತಿರಲಿಲ್ಲ. ಅಟ್ಟದಿಂದ ಸಾಮಾನು ಇಳಿಸಲು ಬಳಸುತ್ತಿದ್ದ ಎತ್ತರದ ಸ್ಟೂಲನ್ನು ಒರೆಸಿ ಕೊಟ್ಟೆವು. ಅವರು ಅದರ ಮೇಲೆ ಕೂತು, ಕಾಲು ನೆಲಕ್ಕೆ ತಾಗದೆ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಶಾಲೆಯ ಹುಡುಗನ ಹಾಗೆ ಕಂಡರು. ಅವರದು ಹಿಂದಿ, ಸಾವಂತ್ ಕಾಕಾರದು ಮರಾಠಿ ಬೆರೆತ ಹಿಂದಿ. ಅಜ್ಜಿಗೆ ಎರಡೂ ತಿಳಿಯದು. ಅವರು ಅಡಿಗೆಮನೆಯ ಹೊಸ್ತಿಲಲ್ಲಿ, ಕಲ್ಲಿಗೆ ಒರಗಿ ಕೂತಿದ್ದರು. ಅವರಿಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳುವ ಹೊಣೆ ದೊಡ್ಡಪ್ಪನದು.

ಪತ್ರೊಡೆಯ ಮೊದಲ ತುಂಡು ಬಾಯಿಗಿಟ್ಟ ಸಾವಂತ್ ಕಾಕಾ ತೀರ್ಪು ಕೊಟ್ಟರು: “ಯೇ ತೋ ಅಪನಾ ಅಳೂವಡೀ ಹೈ.” ಮರಾಠಿಗರ ಅಳೂವಡಿಯೂ ಕೆಸುವಿನ ಎಲೆಯ ಸುರುಳಿಯೇ, ಆದರೆ ಕಡಲೆಹಿಟ್ಟಿನದು, ಎಣ್ಣೆಯಲ್ಲಿ ಕರಿದದ್ದು. ಪತ್ರೊಡೆಯನ್ನು ಅಳೂವಡಿ ಎನ್ನುವುದು ನಮ್ಮ ಮನೆಯಲ್ಲಿ ಕುಲನಿಂದೆಗೆ ಸಮ.

“ಅವ ಎಂತ ಹೇಳಿದ್ದು ವಾಸು?” ಎಂದು ಅಜ್ಜಿ ಕೇಳಿದರು.

“ಭಾರಿ ಲಾಯಕ್ ಆಗಿದೆ ಅಂತ ಹೇಳಿದ ಅಮ್ಮ.”

ಅಮ್ಮ ನನ್ನ ಕಡೆ ನೋಡಿದಳು, ನಾನು ನೆಲ ನೋಡಿದೆ. ದೊಡ್ಡಪ್ಪನ ಭಾಷಾಂತರ ಎಷ್ಟು ದಯಾಮಯವಾದದ್ದೆಂದು ಆವತ್ತು ನನಗೆ ಗೊತ್ತಾಯಿತು.

ಸಾಹೇಬರು ಮಾತನಾಡಲು ನಾವು ಒತ್ತಾಯ ಮಾಡಬೇಕಾಯಿತು. ಮಾಡಿದ ಮೇಲೆ ಅವರು ನಿಧಾನವಾಗಿ ಆ ಆಟವನ್ನು ನಮ್ಮ ಕೋಣೆಯೊಳಗೆ ತಂದರು. ಒಂದು ಕಡೆಗೆ ಏಳು ಮಂದಿ. ನೆಲ ತಾಗುವಂತಿಲ್ಲ, ಅಂಚು ಹಿಡಿದು ಸುಧಾರಿಸಿಕೊಳ್ಳುವಂತಿಲ್ಲ. ಒಂದೇ ಕೈಯಲ್ಲಿ ಚೆಂಡು ಹಿಡಿಯಬೇಕು. ನೀರಿನ ಮೇಲೆ ಕಾಣುವುದು ಆಟ, ನೀರಿನ ಕೆಳಗೆ ನಡೆಯುವುದು ಕುಸ್ತಿ. ಆ ಕಾಲದ ನಿಯಮ ಇನ್ನೂ ಕಠಿಣ: ರೆಫರಿ ಸೀಟಿ ಊದಿದೊಡನೆ ಎಲ್ಲರೂ ಎಲ್ಲಿದ್ದಾರೋ ಅಲ್ಲೇ ನಿಲ್ಲಬೇಕು. ಮುಂದೆ ಒಂದು ಗೇಣು ಸರಿಯುವಂತಿಲ್ಲ, ಮುಳುಗುವಂತೆಯೂ ಇಲ್ಲ. ಮತ್ತೆ ಬದಲಿ ಆಟಗಾರ ಎಂಬುದಿಲ್ಲ. ಇಳಿದ ಏಳು ಮಂದಿ ಮುಗಿಯುವ ತನಕ ನೀರಿನಲ್ಲೇ ಇರಬೇಕು. ಹೊರಗೆ ಕೂತವರು ಹೊರಗೇ.

“ನಿಲ್ಲುವುದು ಹೇಗೆ?” ಎಂದು ನಾನು ಕೇಳಿದೆ. ಆ ದಿನ ನನ್ನ ಬಾಯಿಂದ ಬಂದ ಏಕೈಕ ಉಪಯುಕ್ತ ಮಾತು ಅದು.

ಸಾಹೇಬರು ತಟ್ಟೆಯನ್ನು ಅಪ್ಪನ ಕೈಗೆ ಕೊಟ್ಟರು. ಪ್ಯಾಂಟನ್ನು ಮಂಡಿಯ ಮೇಲೆ ಸ್ವಲ್ಪ ಎಳೆದುಕೊಂಡು, ಸ್ಟೂಲಿನ ಅಂಚಿಗೆ ಸರಿದು, ಎರಡೂ ಕಾಲುಗಳನ್ನು ಗಾಳಿಯಲ್ಲಿ ತಿರುಗಿಸತೊಡಗಿದರು. ಬಲಗಾಲು ಒಂದು ದಿಕ್ಕಿಗೆ ಸುತ್ತು, ಎಡಗಾಲು ಅದರ ಎದುರು ದಿಕ್ಕಿಗೆ ಸುತ್ತು, ಒಂದು ಒಳಗೆ ಬಂದಾಗ ಇನ್ನೊಂದು ಹೊರಗೆ. ನೋವಿನ ಮಂಡಿಗಳು ಸಣ್ಣಗೆ ಸದ್ದು ಮಾಡಿದವು. ಸೊಂಟದ ಮೇಲೆ ಅವರು ಕದಲಲಿಲ್ಲ. ಮುಖದಲ್ಲಿ ಶ್ರಮದ ಗುರುತಿಲ್ಲ, ಬಲಗೈ ಇಲ್ಲದ ಚೆಂಡನ್ನು ಎತ್ತಿ ಹಿಡಿದಿತ್ತು. ಸರಕಾರಿ ಕ್ವಾರ್ಟರ್ಸಿನ ಮೂರನೆಯ ಮಾಳಿಗೆಯಲ್ಲಿ, ಅಟ್ಟದ ಸ್ಟೂಲಿನ ಮೇಲೆ, ಬಂದರಿನ ಕಚೇರಿಯ ಅಧಿಕಾರಿಯೊಬ್ಬರು ನೀರಿಲ್ಲದೆ ತೇಲುತ್ತಿದ್ದರು. ಯಾರೂ ನಗಲಿಲ್ಲ. ಸಾವಂತ್ ಕಾಕಾರೂ ನಗಲಿಲ್ಲ.

ಅಜ್ಜಿ ಹೊಸ್ತಿಲಿನಿಂದ ಮುಂದಕ್ಕೆ ಬಾಗಿ ನೋಡಿದರು. ತಮ್ಮ ಪಕ್ಕದ ಕಲ್ಲಿನ ಗುಂಡಿನ ಮೇಲೆ ಕೈಯಿಟ್ಟರು.

“ಇದು ಕಡೆಯುದು ಅಲ್ವಾ ವಾಸು? ಎರಡು ಕಾಲಲ್ಲಿ ಎರಡು ಕಲ್ಲು.”

ನಮ್ಮ ಕಡೆ ಅರೆಯುವುದಕ್ಕೆ ಕಡೆಯುವುದು ಎನ್ನುತ್ತಾರೆ. ದೊಡ್ಡಪ್ಪ ಅದನ್ನು ಹಿಂದಿಗೆ ತಿರುಗಿಸಿ ಹೇಳಿದಾಗ ಸಾಹೇಬರು ಕಾಲು ನಿಲ್ಲಿಸಿ ಕಲ್ಲನ್ನು ನೋಡಿದರು, ಆಮೇಲೆ ಅಜ್ಜಿಯ ತೋಳುಗಳನ್ನು ನೋಡಿದರು, ತಮಗೆ ಕಲಿಸಿದವರು ಇಷ್ಟು ಚೆನ್ನಾಗಿ ವಿವರಿಸಿರಲಿಲ್ಲ ಎಂದರು. ಈಗ ನಾನು ವಿಕ್ರೋಳಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಒಲಿಂಪಿಕ್ಸ್ ಬಂದಾಗ ಮೊಮ್ಮಗ ತನ್ನ ಫೋನಿನಲ್ಲಿ ವಾಟರ್ ಪೋಲೋ ಹಾಕಿಕೊಡುತ್ತಾನೆ. “ಅಜ್ಜಿ, ಯುವರ್ ಗೇಮ್” ಎನ್ನುತ್ತಾನೆ. ಅವನ ಕನ್ನಡ ಅಜ್ಜಿ ಎಂಬಲ್ಲಿಗೆ ಮುಗಿಯುತ್ತದೆ. ಈಗಿನ ಕ್ಯಾಮೆರಾಗಳು ನೀರಿನ ಕೆಳಗೂ ಇಳಿಯುತ್ತವೆ. ಯುರೋಪಿನ ದೈತ್ಯರು ಮೇಲೆ ಗರ್ಜಿಸುತ್ತಿರುವಾಗ, ಕೆಳಗೆ ಆ ನೀಲಿಯಲ್ಲಿ ಅವರೆಲ್ಲರ ಕಾಲುಗಳು ಸದ್ದಿಲ್ಲದೆ ಕಡೆಯುತ್ತಿರುವುದು ಕಾಣುತ್ತದೆ. ನನಗೆ ಪ್ರತಿಸಲವೂ ಒದ್ದೆ ಅಕ್ಕಿಯ ವಾಸನೆ ಬರುತ್ತದೆ.

ಸ್ಟೂಲಿನ ಪ್ರದರ್ಶನ ಮುಗಿದು ತಟ್ಟೆ ಸಾಹೇಬರ ತೊಡೆಗೆ ಮರಳಿದ ಮೇಲೆ, ಸಾವಂತ್ ಕಾಕಾ ವಿಚಾರಣೆಯನ್ನು ಕೈಗೆತ್ತಿಕೊಂಡರು. ಗೆದ್ದ ಆ ಪಂದ್ಯದಲ್ಲಿ ಸಾಹೇಬರು ಎಷ್ಟು ಗೋಲು ಹೊಡೆದರು?

ಸಾಹೇಬರು ಬೆರಳಿಗಂಟಿದ ಮಸಾಲೆಯನ್ನು ನೆಕ್ಕಿ, ತೀರ ಸಹಜವಾಗಿ ಹೇಳಿದರು: ಆ ಪಂದ್ಯದಲ್ಲಿ ನಾನಿರಲಿಲ್ಲ. ಆ ದಿನ ಹೊರಗೆ ಟವೆಲು ಹಿಡಿದು ಕೂತಿದ್ದೆ. ನಾನು ಆಡಿದ್ದು ಇನ್ನೊಂದು ಪಂದ್ಯ. ಎದುರಿನವರು ನೀರಿನಿಂದ ಸೊಂಟದವರೆಗೆ ಏಳುತ್ತಿದ್ದರು, ನಾವು ಎದೆಯವರೆಗೆ. ಒಂದಾದ ಮೇಲೊಂದು ಗೋಲು ಬೀಳುತ್ತಿತ್ತು, ಒಂದು ಹಂತದ ಮೇಲೆ ಲೆಕ್ಕ ಇಡುವುದನ್ನು ಬಿಟ್ಟೆವು. ನೀರು ತಣ್ಣಗಿತ್ತು. ಪ್ರತಿ ಗೋಲಿನ ನಂತರ ನಮ್ಮ ಜಾಗಕ್ಕೆ ಹಿಂತಿರುಗಿ, ಸಾಲಾಗಿ, ಮತ್ತೆ ಸೀಟಿಗೆ ಕಾದೆವು. ಎದ್ದು ಹೋಗುವ ಹಾಗಿರಲಿಲ್ಲವಲ್ಲ, ಎಂದು ನಕ್ಕರು.

ಆ ಕೋಣೆಯಲ್ಲಿ ಅವರನ್ನು ಪರೀಕ್ಷಿಸುವವರು ಯಾರೂ ಇರಲಿಲ್ಲ. ಗೋಲು ಹೊಡೆದೆನೆಂದಿದ್ದರೆ ನಾವು ನಂಬುತ್ತಿದ್ದೆವು, ಎರಡು ಹೊಡೆದೆನೆಂದಿದ್ದರೆ ಇನ್ನೂ ಸಂತೋಷದಿಂದ ನಂಬುತ್ತಿದ್ದೆವು.

ದೊಡ್ಡಪ್ಪ ಆಗ ತಮ್ಮ ಪ್ರಶ್ನೆ ಕೇಳಿದರು. ವಾರವಿಡೀ ಬಾಯಿಪಾಠ ಮಾಡಿದ ಹಿಂದಿ ಅದು. ಹೊರಡುವ ಮೊದಲಿನ ಬೇಸಗೆಯಲ್ಲಿ ತಾವೆಲ್ಲ ಬೈಕುಲ್ಲಾದ ಹೋಟೆಲಿಗೆ ಬೆಳಿಗ್ಗೆ ಬಂದು ಇಡ್ಲಿ ತಿನ್ನುತ್ತಿದ್ದಿರಿ, ನೆನಪುಂಟೇ? ಮೂಲೆಯ ಮೇಜು, ಎರಡನೆಯ ಸಲ ಸಾಂಬಾರು?

ಸಾಹೇಬರು ತಿನ್ನುವುದನ್ನು ನಿಲ್ಲಿಸಿ ಪ್ರಾಮಾಣಿಕವಾಗಿ ನೆನಪಿಸಿಕೊಳ್ಳಲು ನೋಡಿದರು. ಹೌದೆನ್ನಲು ಅವರಿಗೆ ಮನಸ್ಸಿತ್ತೆಂದು ಮುಖ ಹೇಳುತ್ತಿತ್ತು. ಆದರೆ ಗೋಲಿನ ವಿಷಯದಲ್ಲಿ ಹೇಳಲಾರದವರು ಇಡ್ಲಿಯ ವಿಷಯದಲ್ಲಿ ಹೇಗೆ ಹೇಳಿಯಾರು.

“ಬೈಕುಲ್ಲಾ? ನಹೀಂ ಭಾಯಿಸಾಬ್. ನಾವು ಅಭ್ಯಾಸ ಮಾಡಿದ್ದು ಅತ್ತ, ಸಮುದ್ರದ ದಂಡೆಯ ಕೊಳದಲ್ಲಿ. ತಿನ್ನುತ್ತಿದ್ದದ್ದು ಅಲ್ಲೇ ಒಂದು ಇರಾನಿ ಹೋಟೆಲಿನಲ್ಲಿ, ಬನ್ ಮತ್ತು ಆಮ್ಲೆಟ್. ಬೈಕುಲ್ಲಾದಲ್ಲಿ ಬೆಳಿಗ್ಗೆ ನೀರಲ್ಲಿ ಆಡುತ್ತಿದ್ದವರು ಬಂಬಿನ ಹುಡುಗರು, ಬೆಂಕಿ ಆರಿಸುವವರು. ಅವರಿಗೂ ಒಂದು ಟೀಮಿತ್ತು. ಗಟ್ಟಿ ಹುಡುಗರು.”

ಮಳೆಯ ಸದ್ದು ಇದ್ದಕ್ಕಿದ್ದಂತೆ ದೊಡ್ಡದಾಯಿತು. ಅಪ್ಪ ಪತ್ರಿಕೆಗಾಗಿ ಕೈಚಾಚಿದರು, ಅದು ಅಲ್ಲಿರಲಿಲ್ಲ. ನಮ್ಮ ಮನೆಯ ಒಲಿಂಪಿಕ್ ಗೆಲುವು, ಇಷ್ಟು ವರ್ಷ ಉದ್ದಿನಬೇಳೆಯ ಮೇಲೆ ಕೂತದ್ದು, ಮೊಟ್ಟೆಯ ಮೇಲೆ ಕೂತಿತ್ತೆಂದು ಗೊತ್ತಾದ ಗಳಿಗೆ ಅದು. ಸಾವಂತ್ ಕಾಕಾ ಗೆದ್ದಿದ್ದರು. ಅವರು ತಟ್ಟೆಯನ್ನು ನೋಡುತ್ತಿದ್ದರು.

“ಎಂತ ಹೇಳಿದ್ರು ವಾಸು?” ಎಂದು ಅಜ್ಜಿ ಕೇಳಿದರು.

ಹಿಂದಿ ಬಲ್ಲವರಲ್ಲಿ ಯಾರೂ ದೊಡ್ಡಪ್ಪನ ಬದಲು ಬಾಯಿ ಬಿಡುತ್ತಿರಲಿಲ್ಲ. ಅಳೂವಡಿಯನ್ನು ಲಾಯಕ್ ಮಾಡಿದ ನಾಲಿಗೆಗೆ ಇದೇನು ಕಷ್ಟ. ಹೌದಂತೆ ಅಮ್ಮ ಎಂದರೆ ಮುಗಿಯಿತು, ಪಾಯಸ ಒಲೆಯ ಮೇಲೆ. ದೊಡ್ಡಪ್ಪ ಸ್ಟೂಲಿನ ಮೇಲಿದ್ದವರನ್ನು ಒಮ್ಮೆ ನೋಡಿದರು. ಆಮೇಲೆ ಅಜ್ಜಿಯ ಕಡೆ ತಿರುಗಿ, ಹೋಟೆಲಿನಲ್ಲಿ ಮೆನು ಒಪ್ಪಿಸುವಷ್ಟೇ ಸ್ಪಷ್ಟವಾಗಿ ಹೇಳಿದರು.

“ತಿಂದಿಲ್ಲ ಅಂತೆ ಅಮ್ಮ. ಇವರು ಬೈಕುಲ್ಲಾಕ್ಕೆ ಬಂದದ್ದೇ ಇಲ್ಲ ಅಂತೆ. ನಾನು ಬಡಿಸಿದ್ದು ಬೆಂಕಿ ಆರಿಸುವವರಿಗೆ.”

ಅಜ್ಜಿ ಸಾಹೇಬರ ಕಾಲುಗಳ ಕಡೆ ನೋಡಿದರು.

“ಮತ್ತೆ ಇವರು ಆಡಿದ ಆಟ?”

“ಅದು ಸೋತದ್ದು ಅಮ್ಮ. ಗೆದ್ದ ದಿವಸ ಇವರು ಹೊರಗೆ ಕೂತಿದ್ರಂತೆ.”

“ಸೋಲ್ತೇವೆ ಅಂತ ಗೊತ್ತಾದ ಮೇಲೆ ಎದ್ದು ಬರ್ಲಿಲ್ವಾ?”

“ಬರುವ ಹಾಗಿಲ್ಲ ಅಂತೆ. ಮುಗಿಯುವವರೆಗೆ ನೀರಲ್ಲೇ.”

“ಎರಡೂ ಕಾಲಲ್ಲಿ ಕಡೀತಾ?”

“ಹೌದು. ಕಡೀತಾ.”

ಅಜ್ಜಿ ಕಲ್ಲಿಗೆ ಕೈಯೂರಿ ಎದ್ದರು. “ಸುಮಾ, ಹೆಸರುಬೇಳೆ ಡಬ್ಬಿ ತೆಗಿ. ಬೆಲ್ಲವೂ.”

ಅಮ್ಮನಿಗೆ ಅಜ್ಜಿ ದಣಿದಿದ್ದಾರೇನೋ ಎನಿಸಿತು. “ಅತ್ತೆ, ಆಟಿ,” ಎಂದು ಮೆಲ್ಲಗೆ ನೆನಪಿಸಿದಳು.

“ಗೊತ್ತುಂಟು ಮಾರಾಯ್ತಿ. ಆಟಿಯಲ್ಲಿ ಇಲ್ಲದ್ದು ಗೆದ್ದದ್ದಕ್ಕೆ. ಅದು ಶುಭ. ಸೋತದ್ದಕ್ಕೆ ಪಾಯಸ ಮಾಡ್ಬಾರ್ದು ಅಂತ ನಮ್ಮಲ್ಲಿ ಯಾರೂ ಹೇಳ್ಲಿಲ್ಲ.”

ಒಲೆ ಹಚ್ಚುತ್ತಾ, ತಿರುಗದೆಯೇ, ದೊಡ್ಡಪ್ಪನಿಗೆ ಕೇಳುವಂತೆ ಇನ್ನೊಂದು ಮಾತು ಸೇರಿಸಿದರು. “ಬೆಂಕಿಗೆ ಹೋಗುವವರಿಗೆ ಹೊಟ್ಟೆ ತುಂಬ ಬಡಿಸಿದ್ದು ಕಮ್ಮಿ ಆಯ್ತಾ ನಿನಗೆ?”

ದೊಡ್ಡಪ್ಪ ಅಜ್ಜಿಯ ಮಾತನ್ನು ಅತಿಥಿಗಳಿಗೆ ತಿರುಗಿಸಿ ಹೇಳಬೇಕಿತ್ತು, ಪಾಯಸ ಯಾಕೆ ಎಂಬುದನ್ನೂ ಹೇಳಬೇಕಿತ್ತು. ಹೇಳಲು ಹೊರಟು ಎರಡು ಸಲ ನಿಂತರು. ಮೂರನೆಯ ಸಲಕ್ಕೆ ಹಿಂದಿಯಲ್ಲಿ ಹೊರಬಂದದ್ದು ಇಷ್ಟು: ಅಮ್ಮ ಸ್ವಲ್ಪ ಕೂರಲು ಹೇಳುತ್ತಿದ್ದಾರೆ, ಸಿಹಿ ಆಗುತ್ತಿದೆ, ತಮಗಾಗಿ. ಸಾಹೇಬರು, ತಾನು ಯಾವ ಶಾಸ್ತ್ರದ ಸಂದಿಯಿಂದ ನುಸುಳಿದೆನೆಂದು ತಿಳಿಯದೆ, ಕೂತರು. ಬೇಳೆ ಬೇಯುವವರೆಗೆ ದೊಡ್ಡಪ್ಪ ಅವರನ್ನು ಚಿಲಿಯನ್ನು ಸೋಲಿಸಿದವರ ಬಗ್ಗೆ ಕೇಳಿದರು, ಒಬ್ಬೊಬ್ಬರನ್ನಾಗಿ. ಟವೆಲು ಹಿಡಿದು ಕೂತವರಿಗೆ ಎಲ್ಲವೂ ನೆನಪಿತ್ತು. ಯಾರು ಎಲ್ಲಿಂದ ಎಸೆದರು, ಯಾರ ಕಿವಿಯಲ್ಲಿ ನೀರು ಹೋಯಿತು, ಕೊನೆಯ ಸೀಟಿಯ ಮೇಲೆ ಯಾರು ಅತ್ತರು. ಹೇಳುವಾಗ ಅವರ ಕಾಲುಗಳು ಸ್ಟೂಲಿನ ಕೆಳಗೆ ತಾವಾಗಿಯೇ ಸಣ್ಣಗೆ ತಿರುಗುತ್ತಿದ್ದವು. ದೊಡ್ಡಪ್ಪ ಆ ಗೆಲುವಿನಲ್ಲಿ ತಮಗೆ ಪಾಲಿಲ್ಲವೆಂದು ಗೊತ್ತಾದ ಮೇಲೆ ಅದನ್ನು ಇನ್ನೂ ಹೆಚ್ಚು ಪ್ರೀತಿಸಿದರೆಂದು ನನಗೆ ತೋರಿತು. ಸಾವಂತ್ ಕಾಕಾ ತಟ್ಟೆ ಮುಂದಕ್ಕೆ ಚಾಚಿ, “ವಹಿನೀ, ಇನ್ನೊಂದು ಪತ್ರೊಡೆ” ಎಂದು ಅಮ್ಮನನ್ನು ಕೇಳಿದರು. ಪತ್ರೊಡೆ ಎಂದೇ ಕೇಳಿದರು.

ಪಾಯಸಕ್ಕೆ ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು. ಸಾಹೇಬರು ಇನ್ನೊಂದು ಲೋಟ ಕೇಳಿ ಕುಡಿದರು. ಮುಂದಿನ ವರ್ಷದಿಂದ ಆಟಿಯ ಭಾನುವಾರ ನಮ್ಮಲ್ಲಿ ಗೆದ್ದ ಪಂದ್ಯಕ್ಕೆ ಪತ್ರೊಡೆ, ಸೋತ ಪಂದ್ಯಗಳಿಗೆ ಪಾಯಸ ಎಂದಾಯಿತು; ಅಜ್ಜಿ ಹೋದ ಮೇಲೂ, ದೊಡ್ಡಪ್ಪ ಹೋದ ಮೇಲೂ ಹಾಗೆಯೇ ನಡೆಯಿತು. ರುಬ್ಬುವ ಕಲ್ಲು ಈಗ ವಿಕ್ರೋಳಿಯಲ್ಲಿದೆ. ಭಾರತದ ವಾಟರ್ ಪೋಲೋ ತಂಡ ಒಲಿಂಪಿಕ್ಸ್‌ಗೆ ಎರಡು ಸಲ ಹೋಗಿದೆ. ಒಂದು ಪಂದ್ಯ ಗೆದ್ದಿದೆ.